ಸಾಲು ತೋರಿಸು

ಬೈರಿದೇವರಕೊಪ್ಪ
14 ಜುಲೈ 2024, ರವಿವಾರ

ಅಪ್ಪಾ,

ಇಲ್ಲ. ನಾ ಬರದಿಲ್ಲ.

ಬರದೀ ಅಂತ ನೀವೂ ಎಲ್ಲೂ ಬರದಿಲ್ಲ ಬಿಡ್ರಿ. ಚಿನ್ಮಯೀ ಕೈಯಾಗ ಆಕೀ ಪ್ರಬಂಧಾನ ನನಗ ಕೊಟ್ಟು ಕಳಿಸೀರಿ, ಅದರೊಳಗ ನನ್ನ ಸಾಲಿ ದಿನದ ಪೆನ್ನು ಸುತ್ತಿ ಇಟ್ಟೀರಿ. ಒಂದು ಅಕ್ಷರ ಇಲ್ಲ. ಜೀವನಾ ಪೂರಾ ಕನ್ನಡಾ ಕಲಿಸಿದ ಮನಶ್ಯಾ ಒಂದು ಖಾಲಿ ಪೆನ್ನಿನ್ಯಾಗ ಇಷ್ಟು ಬೈಗಳಾ ತುಂಬಿ ಕಳಿಸಬಹುದು ಅಂತ ನನಗ ಗೊತ್ತಿರಲಿಲ್ಲ. ತಿಳೀತು. ಇದನ್ನ ಬರದಾಂವ ನೀನು, ತಂಗೀ ಹೆಸರಿನ್ಯಾಗ. ಅಷ್ಟ ಹೌದಲ್ರಿ?

ನಾ ಹತ್ತನೇತ್ತೆ ಸಾಲಿ ಅರ್ಧಕ್ಕ ಬಿಟ್ಟಾಂವ. ಹಳೇ ಹುಬ್ಬಳ್ಳ್ಯಾಗ ಉಸ್ಮಾನಸಾಬರ ಅಂಗಡ್ಯಾಗ ಬೈಕಿನ ಸೀಟು ಹೊಲೀತೇನಿ. ಬಿ.ಎ. ಎರಡನೇ ವರ್ಷದ ಹುಡಿಗೀ ಪ್ರಬಂಧಾ ನಾ ಎಲ್ಲಿಂದ ಬರೀಲಿ?

ಆಗಿದ್ದು ಹೇಳತೇನಿ, ಕೇಳ್ರಿ. ಸುಕನ್ಯಾ ಮೇಡಂ ಕ್ಲಾಸಿನ್ಯಾಗ ಒಂದು ಹಳೇ ಸಾಂಗತ್ಯ ಕೊಟ್ಟಾರ. ನಾಕನೂರು ವರ್ಷದ್ದೋ ಏನೋ, ಬರದಾವನ ಹೆಸರಿಲ್ಲ. ಒಬ್ಬ ವ್ಯಾಪಾರದಾಂವ ಭಾಳ ವರ್ಷ ಊರೂರು ತಿರಗಿ ಮನಿಗೆ ಬರತಾನ, ಹೇಣತಿ ಎದುರುಗೊಳ್ಳತಾಳ. ಇದರ ಮ್ಯಾಲೆ ಛಲೋ ಬರದವರ ಪ್ರಬಂಧಾ ಒಂದs ಒಂದು, ಕಾಲೇಜಿನ ಕಡಿಂದ ಸ್ಪರ್ಧಾಕ್ಕ ಹೋಗತೈತಿ. ಚಿನ್ಮಯೀ ರವಿವಾರ ಬಸ್ಸು ಹಿಡದು ನನ್ನ ಖೋಲಿಗೆ ಬಂದು ಓದಿದ್ಲು:

ಬಂದೆಯಾ ಎನಲಿಲ್ಲ ಬಳಲಿದೆಯಾ ಎನಲಿಲ್ಲ
ತಂದಿಟ್ಟಳು ಕಾಲ್ದೊಳೆವ ನೀರ
ಒಂದು ದೀಪವ ಹಚ್ಚಿ ಒಂದನಾರಿಸಿ ಬಂದು
ನಿಂದಳು ಹೊಸ್ತಿಲ ಹೊರಗೆ

ಆಮ್ಯಾಲೆ ನಿಮ್ಮ ನೋಟ್ಸ್ ತಗದ್ಲು. ಧಾರವಾಡದಾಗ ಎಲ್ಲಾರೂ ಬಾಯಿಪಾಠ ಮಾಡತಾರಲ್ಲ, ಅದs. "ಇಲ್ಲಿ ಸತಿಯ ಸಹನೆ ಹಾಗೂ ಪತಿಭಕ್ತಿ ಮನೋಜ್ಞವಾಗಿ ಮೂಡಿಬಂದಿದೆ." ನಾ ಸೀಟಿನ ಫೋಮ್ ಕೊಯ್ಯಾಕತ್ತಿದ್ದೆ. ಸುಮ್ಮನ ಕೇಳಿದೆ:

"ಸಹನೆ ಎಲ್ಲೈತಿ? ಸಾಲು ತೋರ್ಸು."

"ಅಯ್ಯ, ಆಕೀ ಸುಮ್ಮನಿದ್ದಾಳಲ್ಲೋ."

"ಸುಮ್ಮನಿದ್ದವರೆಲ್ಲಾ ಸಹನೆವಂತರೇನು? ಅಪ್ಪ ನನ್ನ ಕೂಡ ಮೂರು ವರ್ಷದಿಂದ ಸುಮ್ಮನಿದ್ದಾರ."

ಆಕೀ ನಕ್ಕು ನಕ್ಕು ನೆಲಕ್ಕ ಕುಂತ್ಲು. ಆಮ್ಯಾಲೆ ನಗೂದು ನಿಂತು ಬರ್ಯಾಕ ಸುರು ಮಾಡಿದ್ಲು. ನಾಕು ರವಿವಾರ ನಂದು ಅದೊಂದs ಕೆಲಸ. ಏನು ಬರದ್ರೂ "ಸಾಲು ತೋರ್ಸು" ಅನ್ನೋದು. ಒಮ್ಮೆ ಸಿಟ್ಟಿಗೆದ್ದು ಚಪ್ಪಲಿ ಒಗದ್ಲು.

ಈಗ ಸುಕನ್ಯಾ ಮೇಡಂ ನಿಮಗ ಫೋನ್ ಹಚ್ಚಿ, "ಸರ್, ಇದು ಚಿನ್ಮಯೀದs ಹೌದಲ್ರಿ? ನೀವು ಹೌದಂದ್ರ ಇದನ್ನs ಕಳಸತೇನ್ರಿ" ಅಂತ ಕೇಳ್ಯಾರ. ಒಂದು ಮಾತು. ನೀವು "ನೋಡಿ ಹೇಳತೇನಿ" ಅಂದೀರಿ. ನಿಮ್ಮ ಹಳೇ ವಿದ್ಯಾರ್ಥಿನಿ, ನೀವು ಹೇಳಿದ್ದ ವೇದ. ಏನು ನೋಡತೀರಿ? ಚಿನ್ಮಯೀ ಬಸ್ ಸ್ಟಾಪಿನ್ಯಾಗ ಅತ್ತಾಳ. ಹೌದು ಅನ್ರಿ, ಮುಗೀಲಿ.

ಫೋನಿನ್ಯಾಗ ನನ್ನ ದನಿ ಕೇಳಿದ್ರ ಕಟ್ ಮಾಡತೀರಿ, ಅದಕ್ಕ ಈ ಚೀಟಿ. ಪೆನ್ನು ವಾಪಸ್ ಕಳಿಸೇನಿ. ಅದರಾಗ ಶಾಯಿ ಇಲ್ಲ, ಬೇಕಾದ್ರ ತಗದು ನೋಡ್ರಿ.

ಸಂಕೇತ


ಧಾರವಾಡ
18 ಜುಲೈ 2024

ಚಿ. ಸಂಕೇತನಿಗೆ ಆಶೀರ್ವಾದಗಳು.

ನಿನ್ನ ಪತ್ರವನ್ನು ತಿದ್ದಿ ಇದರೊಂದಿಗೆ ಹಿಂದಿರುಗಿಸಿದ್ದೇನೆ. ಕೆಂಪು ಶಾಯಿ ಕಂಡಲ್ಲೆಲ್ಲ ನಿಧಾನವಾಗಿ ಓದು. "ಐತಿ" ಎಂಬಲ್ಲಿ ಸುತ್ತು ಹಾಕಿದ್ದೇನೆ. ನಮ್ಮ ಮನೆಯಲ್ಲಿ "ಅದ" ಎನ್ನುತ್ತೇವೆ. ಬರಹದಲ್ಲಿ ಅದೂ ಸಲ್ಲದು.

ನಾನು ಯಾರನ್ನೂ ದೂರಿಲ್ಲ. ಕಪಾಟು ಸ್ವಚ್ಛ ಮಾಡುವಾಗ ಪೆನ್ನು ಸಿಕ್ಕಿತು, ಕಳಿಸಿದೆ.

ಇನ್ನು ಪ್ರಬಂಧದ ಮಾತು. ಅದಕ್ಕೆ ಪೀಠಿಕೆಯೇ ಇಲ್ಲ. ಆ ಕಾಲ ಎಂಥದು, ಕವಿ ಯಾರು, ಸಾಂಗತ್ಯವೆಂದರೇನು, ಹಾಡಿಕೆಯ ಪರಂಪರೆ ಹೇಗಿತ್ತು, ಯಾವುದರ ಸುಳಿವೂ ಇಲ್ಲ. ಮೊದಲ ವಾಕ್ಯವೇ "ಈಕೆ ಒಂದು ದೀಪವನ್ನು ಯಾಕೆ ಆರಿಸಿದಳು?" ಎಂದಿದೆ. ಮನೆಗೆ ಬಂದವರನ್ನು ಕೂಡಿಸದೆ, ನೀರು ಕೊಡದೆ, ಯಾಕೆ ಬಂದಿರಿ ಎಂದು ಕೇಳಿದಂತೆ. ಪ್ರಬಂಧವೆಂದರೆ ಒಂದು ಮರ್ಯಾದೆ. ಓದುಗನ ಕೈ ಹಿಡಿದು ಒಳಗೆ ಕರೆದುಕೊಂಡು ಬರಬೇಕು.

ಚಿನ್ಮಯೀ ಹೀಗೆ ಬರೆಯುವವಳಲ್ಲ. ಅವಳು ವಿಧೇಯ ಹುಡುಗಿ. ಅವಳ ಕೈಬರಹದಷ್ಟೇ ಅವಳ ವಾಕ್ಯವೂ ನನಗೆ ಗೊತ್ತು, ಎರಡನ್ನೂ ತಿದ್ದಿಸಿದವನು ನಾನು. ಈ ಪ್ರಬಂಧದ ಅಕ್ಷರ ಅವಳದು. ವಾಕ್ಯಗಳು ಕಾಲು ಕೆರೆದು ಜಗಳಕ್ಕೆ ನಿಂತಿವೆ. ಅವು ಯಾರವು ಎಂದು ನಾನು ಹೇಳಬೇಕಾಗಿಲ್ಲ. ಸುಕನ್ಯಾಳಿಗೆ ಸುಳ್ಳು ಹೇಳಲಾರೆ.

ನಿನ್ನ ಅವ್ವ ಸಜ್ಜಕದ ಹೋಳಿಗೆ ಕಳಿಸಿದ್ದಾಳೆ. ಡಬ್ಬಿಯನ್ನು ತೊಳೆದು ಕಳಿಸು.

ಯಜ್ಞೇಶ್ವರ


ಬೈರಿದೇವರಕೊಪ್ಪ
4 ಆಗಸ್ಟ್ 2024

ಅಪ್ಪಾ,

ತಿದ್ದಿದ್ದು ಬಂತು. ಅಂಗಡ್ಯಾಗ ಇಟಗೊಂಡು ಓದಾಕತ್ತಿದ್ದೆ, ಉಸ್ಮಾನಸಾಬರು ಹೆಗಲ ಮ್ಯಾಲಿಂದ ಬಗ್ಗಿ ನೋಡಿದ್ರು.

"ಏನೋ ಇದು, ಇಷ್ಟು ಕೆಂಪು? ರಕ್ತದ ರಿಪೋರ್ಟೇನು?"

"ನಮ್ಮಪ್ಪನ ಕಾಗದರಿ."

"ಮತ್ತ ರಿಪೋರ್ಟs ಆತಲ್ಲ. ಏನಂತ ಬಂದೈತಿ?"

"ಫೇಲ್ ರಿ."

ಹೋಳಿಗಿ ಇಬ್ಬರೂ ತಿಂದ್ವಿ. ಡಬ್ಬಿ ತೊಳದೇನಿ.

ಕವಿ ಯಾರು ಅಂತ ಮೊದಲ ಬರೀಬೇಕು ಅಂತೀರಿ. ಕವಿ ಯಾರಂತ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದ ಮನಶ್ಯಾನ ಮ್ಯಾಲೆ ನಿಮ್ಮ ನೋಟ್ಸಿನ್ಯಾಗ ಒಂದೂವರಿ ಪುಟ ಐತಿ. "ಕವಿಯು ಸರಳ ಸಜ್ಜನನೂ ದೈವಭಕ್ತನೂ ಆಗಿದ್ದಿರಬೇಕು." ಯಾಕ ಆಗಿರಬೇಕು? ಕುಡುಕ ಆಗಿರಬಾರದೇನು? ಹೆಂಗಸು ಆಗಿರಬಾರದೇನು? ಸಾಲು ತೋರಸ್ರಿ.

ಛಲೋ ಪ್ರಬಂಧಾ ಅಂದ್ರ ಏನು ಅಂತ ನನಗ ಯಾರೂ ಕಲಿಸಿಲ್ಲ. ಸಾಲ್ಯಾಗ ಕಲಿಸಿದ್ದು ನಿಮ್ಮ ನೋಟ್ಸಿನ ಪ್ರಬಂಧಾ, ಅದನ್ನ ಬಿಟ್ಟು ನಾ ಓಡಿ ಬಂದೇನಿ. ಆದ್ರ ಒಂದು ಗೊತ್ತೈತಿ. ಓದಿದಾಂವ "ಏ ಅಲ್ಲ, ಹಂಗಲ್ಲ ಅದು" ಅನ್ನಬೇಕು. "ಮನೋಜ್ಞವಾಗಿ ಮೂಡಿಬಂದಿದೆ" ಅಂದ್ರ ಯಾರು ಅಲ್ಲ ಅಂತಾರ? ಯಾರೂ ಅಲ್ಲ ಅನ್ನದ ಮಾತಿಗೆ ಎಂಟು ಪುಟ ಯಾಕ ಬೇಕು? ಪೀಠಿಕೆ ಮರ್ಯಾದಿ ಅಂತೀರಿ. ನಿಮ್ಮ ಮರ್ಯಾದ್ಯಾಗ ಓದೋ ಮನಶ್ಯಾ ಪಡಸಾಲ್ಯಾಗ ಕುಂತು ಕುಂತು ಮಲಕೊಳ್ಳತಾನ.

ಆ ಹೆಂಗಸು ಸಿಟ್ಟಾಗ್ಯಾಳ. ನೋಡ್ರಿ: ಬಂದೀ ಏನು ಅನ್ನಲಿಲ್ಲ, ದೀಪಾ ಆರಿಸಿದ್ಲು, ಹೊಸ್ತಿಲಾ ದಾಟಿ ಹೊರಗ ನಿಂತ್ಲು. ಬಿಟ್ಟು ಹೊಂಟಾಳ ಆಕೀ. ಇದನ್ನ ಚಿನ್ಮಯೀಗೆ ಹೇಳಿದಾಂವ ನಾನು, ಖರೇ. ಬರದಾಕೀ ಆಕೀ. ಹೇಳಿದ್ದಕ್ಕ ಪ್ರಬಂಧಾ ನಂದಾತು ಅಂದ್ರ, ನಿಮ್ಮ ನೋಟ್ಸ್ ನೋಡಿ ಬರದವರ ಉತ್ತರಾ ಎಲ್ಲಾ ಯಾರವು? ಅವರಿಗೆಲ್ಲಾ ನೂರಕ್ಕ ಎಂಬತ್ತು ಕೊಟ್ರಿ. ಒಬ್ಬನ್ನರ "ಇದು ನಿಂದಲ್ಲ" ಅಂತ ಕರದು ಕೇಳೀರೇನು?

ಐತಿ ಐತಿ ಐತಿ. ಸುತ್ತು ಹಾಕ್ರಿ.

ಸಂಕೇತ


ಧಾರವಾಡ
11 ಆಗಸ್ಟ್ 2024

ಚಿ. ಸಂಕೇತನಿಗೆ,

"ಸರಳ ಸಜ್ಜನ" ಎಂಬ ವಾಕ್ಯವನ್ನು ನನ್ನ ಪ್ರತಿಯಲ್ಲಿ ಹೊಡೆದುಹಾಕಿದ್ದೇನೆ. ಅದಕ್ಕೆ ಆಧಾರವಿಲ್ಲ.

ಈಗ ನಿನ್ನ ಸರದಿ. ನೀನು ಓದಿದ ಪದ್ಯದ ಬೆನ್ನಿಗೇ ಇನ್ನೊಂದಿದೆ. ಪ್ರಬಂಧದಲ್ಲಿ ಅದರ ಹೆಸರೂ ಇಲ್ಲ.

ಉಂಡೆದ್ದ ಎಲೆಯನ್ನು ಎತ್ತುವ ಹೊತ್ತಿಗೆ
ಕಂಡಳು ಕಾಲಿನ ಬೊಕ್ಕೆ
ಕೊಂಡುಬಂದೆಣ್ಣೆಯ ಕೈಯೊಳೆ ಕಾಯಿಸಿ
ಮಂಡಿಯೂರುತ ತಿಕ್ಕಿದಳು

ನಡೆದು ನಡೆದು ಅವನ ಕಾಲಿಗೆ ಬೊಕ್ಕೆ ಬಂದಿವೆ. ಅವಳು ಎಣ್ಣೆ ತಂದು, ಅಂಗೈಯ ಕಾವಿನಲ್ಲೇ ಬೆಚ್ಚಗೆ ಮಾಡಿ, ಮಂಡಿಯೂರಿ ತಿಕ್ಕುತ್ತಾಳೆ. ಬಿಟ್ಟು ಹೊರಟವಳು ಹೀಗೆ ಮಾಡುತ್ತಾಳೆಯೇ? ನಿನ್ನ ಸಿಟ್ಟಿನ ಹೆಂಗಸು ಈ ಪದ್ಯದಲ್ಲಿ ಎಲ್ಲಿದ್ದಾಳೆ? ಸಾಲು ತೋರಿಸು.

ಸಾಲು ತೋರಿಸು ಎನ್ನುವವನಿಗೆ ಒಂದು ಜವಾಬ್ದಾರಿ ಇದೆ. ತನಗೆ ಒಲ್ಲದ ಸಾಲನ್ನು ಮುಚ್ಚಿಡಬಾರದು. ನಿನ್ನ ಮಾತನ್ನು ಕೆಡವುವ ಸಾಲನ್ನು ನೀನೇ ಎತ್ತಿ ಓದುಗನ ಎದುರು ಇಡಬೇಕು, ಆಮೇಲೂ ನಿನ್ನ ಮಾತು ನಿಂತರೆ ಅದು ಪ್ರಬಂಧ. ಬೇಕಾದ್ದನ್ನು ಹೆಕ್ಕಿಕೊಂಡು ಬರೆದದ್ದು ವಕಾಲತ್ತು. ಅಂಥದ್ದಕ್ಕೆ ನಾನು ಹೌದು ಎನ್ನಲಾರೆ, ಅದು ಯಾರದೇ ಇರಲಿ.

ಸುಕನ್ಯಾ ಗಣೇಶ ಚವತಿಯವರೆಗೆ ಕಾಯುತ್ತೇನೆಂದಿದ್ದಾಳೆ.

ಡಬ್ಬಿಗೆ ಇನ್ನೂ ತುಪ್ಪದ ಜಿಡ್ಡಿತ್ತು.

ಯಜ್ಞೇಶ್ವರ


ಬೈರಿದೇವರಕೊಪ್ಪ
25 ಆಗಸ್ಟ್ 2024

ಅಪ್ಪಾ,

ಎಣ್ಣಿ ಐತಿ. ನೋಡಿದೆ.

ವಾರಗಟ್ಟಲೆ ಸಿಟ್ಟು ಬಂದಿತ್ತು. ನಿಮ್ಮ ಮ್ಯಾಲಲ್ಲ, ಆ ಎಣ್ಣಿ ಮ್ಯಾಲೆ. ಹೋಗಾಕೀ ಹೋಗಬೇಕಿತ್ತು. ಎಣ್ಣಿ ಯಾಕ ತಿಕ್ಕಬೇಕು?

ಚಿನ್ಮಯೀಗೆ ಹೇಳಿದೆ, ಆ ಪದ್ಯಾ ಬಿಟ್ಟಬಿಡು, ಯಾರು ಕೇಳತಾರ, ನಮ್ಮಪ್ಪನಂಥಾವರು ಎಲ್ಲಾ ಕಾಲೇಜಿನ್ಯಾಗ ಇರೂದಿಲ್ಲ ಅಂತ. ಆಕೀ ನನ್ನ ಮಾರಿ ನೋಡಿದ್ಲು.

"ಹಂಗಾರ ನೀನೂ ನೋಟ್ಸs ಬರಸ್ಲಿಕ್ಕತ್ತೀ" ಅಂದ್ಲು. "ಅಪ್ಪಂದು ಸಹನೆ ನೋಟ್ಸು, ನಿಂದು ಸಿಟ್ಟಿನ ನೋಟ್ಸು."

ಕಾಗದಾ ಎಲ್ಲಾ ಎತಗೊಂಡು ಹೋದ್ಲು. ಹ್ವಾದ ರವಿವಾರ ಬರಲಿಲ್ಲ. ಇವತ್ತೂ ಬಂದಿಲ್ಲ. ಅದಕ್ಕ ಇದನ್ನ ಪೋಸ್ಟಿಗೆ ಹಾಕೇನಿ. ಮನ್ಯಾಗ ಅದಾಳೇನು, ಉಣ್ಣತಾಳೇನು, ಒಂದು ಸಾಲು ಬರೀರಿ. ಪ್ರಬಂಧದ್ದು ಬ್ಯಾಡ.

ಸಂಕೇತ


ಧಾರವಾಡ
1 ಸೆಪ್ಟೆಂಬರ್ 2024

ಅಣ್ಣಾ,

ನಿನ್ನ ಕಾಗದ ಅಪ್ಪ ನನಗ ತೋರಿಸಿದ್ರು. ಊಟದ ತಾಟಿನ ಬಾಜೂಕ ಇಟ್ಟು ಹೋದ್ರು. ಉಣ್ಣಲಿಕ್ಕತ್ತೇನಿ, ಕಾಳಜಿ ಮಾಡಬ್ಯಾಡ.

ನಿನ್ನ ಮ್ಯಾಲೆ ಸಿಟ್ಟು ಬಂದಿತ್ತು. ಈಗ ಇಲ್ಲ, ಯಾಕಂದ್ರ ಮುಗೀತು. ಕಾವ್ಯಾ ಪೂರಾ ಓದಿದೆ. ಮೊದಲನೇ ಪದ್ಯದಿಂದ, ಕಾಲೇಜಿನ ಗ್ರಂಥಾಲಯದಾಗ ಕೂತು. ನೀನೂ ಓದಿಲ್ಲ. ಅಪ್ಪ ಎಷ್ಟೋ ವರ್ಷದ ಹಿಂದ ಓದಿ ಮರತಾರ, ನೋಟ್ಸಿನ್ಯಾಗ ಇಲ್ಲದ ಪದ್ಯ ಒಂದು ಅದ. ಆ ವ್ಯಾಪಾರದವ ಮನಿ ಬಿಟ್ಟು ಹೋದ ಸಂಜೀ ಮುಂದಿನ ಪದ್ಯ ನೋಡು:

ಹೋದವನು ಬಹನೆಂದು ಹೊರಗಿನ ಗೂಡಿನೊ-
ಳಾದರದಿ ದೀಪವನಿಟ್ಟು
ಬೀದಿಯ ಬೆಳಕೆಂದು ಬೈದರು ನೆರೆಯವರು
ಕಾದಳು ಎಣ್ಣೆಯನೆರೆದು

ತಿಳೀತೇನೋ? ಹೊಸ್ತಿಲ ಹೊರಗ ಗೋಡ್ಯಾಗ ಒಂದು ಗೂಡು ಅದ. ಅವ ಬರೋ ತನಕಾ ಆಕೀ ದಿನಾ ಅಲ್ಲೆ ದೀಪಾ ಇಡತಾಳ. ನೆರೀ ಮಂದಿ, ಸುಮ್ಮನ ಬೀದಿಗೆ ಬೆಳಕು ಮಾಡತೀ ಅಂತ ಬೈತಾರ. ಅವ ಬಂದ ಮ್ಯಾಲೆ ಆ ದೀಪಾ ಇನ್ನ ಯಾಕ ಬೇಕು? ಒಳಗಿಂದು ಹಚ್ಚಿದ್ಲು, ಹೊರಗಿಂದು ಆರಿಸಿದ್ಲು. ಅದಕ್ಕs ಹೊರಗ ನಿಂತಾಳ. ಬಿಟ್ಟು ಹೋಗಲಿಕ್ಕಲ್ಲ. ಗೂಡು ಇರೂದs ಅಲ್ಲೆ. ಮತ್ತ ದೀಪದ ಎಣ್ಣಿ ಉಳೀತಲ್ಲ, ಅದನ್ನ ಕಾಲಿಗೆ ಹಚ್ಚತಾಳ ಅಂತ ನಾ ಓದೇನಿ. ಅದs ಎಣ್ಣಿ ಅಂತ ಸಾಲಿನ್ಯಾಗ ಇಲ್ಲ. ಇಲ್ಲ ಅಂತನೂ ಬರದೇನಿ.

ಆಕೀಗೆ ಖುಷಿ ಆತೋ, ಸಾಕಾತೋ? ಕವಿ ಹೇಳಂಗಿಲ್ಲ. ಬಂದೆಯಾ ಅಂತ ಆಕೀ ಕೇಳಲೂ ಇಲ್ಲ. ಇಷ್ಟು ವರ್ಷ ಕಾಯೋದs ಆಕೀ ಕೆಲಸ ಆಗಿತ್ತು, ಅದು ಮುಗೀತು. ಇನ್ನ ಮುಂದ ಆಕೀ ಯಾರು ಅಂತ ಆಕೀಗೂ ಗೊತ್ತಿಲ್ಲ, ಅದಕ್ಕ ಮಾತು ಬರವಲ್ದು. ಹಂಗಂತ ಬರದೇನಿ. ನೀ "ಅಲ್ಲ, ಹಂಗಲ್ಲ" ಅನಬಹುದು. ಅನ್ನು.

ಸಾಲು ತೋರ್ಸು ಅಂತ ನೀ ಕೇಳಿದಿ. ಒಲ್ಲದ ಸಾಲು ಎಲ್ಲೆ ಅಂತ ಅಪ್ಪ ಕೇಳಿದ್ರು. ಇಬ್ಬರೂ ಕೇಳಿದ್ದು ಛಲೋ ಆತು. ಕೇಳೋದು ಬ್ಯಾರೆ, ಕೂತು ಬರಿಯೋದು ಬ್ಯಾರೆ.

ಪೀಠಿಕೆ ಹಾಕೇನಿ, ಬೈಬ್ಯಾಡ. ಮೂರs ಸಾಲು. ಸ್ವಚ್ಛ ಪ್ರತಿ ಅಪ್ಪನ ಮೇಜಿನ ಮ್ಯಾಲೆ ಇಟ್ಟೇನಿ.

ಚಿನ್ಮಯೀ


ಧಾರವಾಡ
4 ಸೆಪ್ಟೆಂಬರ್ 2024

ಚಿರಂಜೀವಿ ಸಂಕೇತ,

ಹೊಸ ಪ್ರಬಂಧವನ್ನು ಓದಿದೆ. ಮತ್ತೊಮ್ಮೆ ಓದಿದೆ. ಕೆಂಪು ಪೆನ್ನಿನ ಟೊಪ್ಪಿಗೆ ತೆರೆಯಲಿಲ್ಲ.

ಆ ಗೂಡಿನ ದೀಪದ ಪದ್ಯವನ್ನು ನಾನು ಪ್ರತಿ ವರ್ಷವೂ ಪಾಠದಲ್ಲಿ ದಾಟಿಕೊಂಡು ಹೋಗುತ್ತಿದ್ದೆ. ಪರೀಕ್ಷೆಗೆ ಬರುತ್ತಿರಲಿಲ್ಲ. ಈಗ ಅದಿಲ್ಲದೆ ಉಳಿದೆರಡು ಪದ್ಯಗಳನ್ನು ಓದಲಾರೆ. ವಿದ್ಯಾರ್ಥಿಯೊಬ್ಬ ಕಾವ್ಯವನ್ನು ತನ್ನ ಗುರು ಮರಳಿ ಓದುವಂತೆ ಮಾಡಿದರೆ ಅದಕ್ಕಿಂತ ಒಳ್ಳೆಯ ಪ್ರಬಂಧ ಇನ್ನೊಂದಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಬರೆದು ಅಲ್ಲಿಗೆ ನಿಲ್ಲಿಸಿದ ಧೈರ್ಯವನ್ನು ನಾನು ಯಾರಿಗೂ ಕಲಿಸಿರಲಿಲ್ಲ.

ನೀನು ದಡ್ಡನೆಂದು ನಾನು ಎಂದೂ ನಂಬಿದವನಲ್ಲ.

ಚವತಿಗೆ ಮನೆಗೆ ಬಾ. ನಿನ್ನ ಕೋಣೆಯನ್ನು ಗುಡಿಸಿಟ್ಟಿದ್ದೇವೆ. ಹತ್ತನೆಯ ಪರೀಕ್ಷೆಯನ್ನು ಹೊರಗಿನಿಂದ ಕಟ್ಟಬಹುದು, ನಾನೇ ಹೇಳಿಕೊಡುತ್ತೇನೆ, ನೋಟ್ಸ್ ಇಲ್ಲದೆ. ಅಂಗಡಿಯವರಿಗೆ ತಿಳಿಸಿ ಬಾ. ಸುಕನ್ಯಾಳಿಗೆ ಅಂದೇ ಫೋನ್ ಮಾಡುತ್ತೇನೆ, ನೀನು ಬಂದ ಮೇಲೆ, ಪೂಜೆ ಮುಗಿಸಿಕೊಂಡು.

ಅವ್ವ ಕಡುಬಿಗೆ ಕೊಬ್ಬರಿ ಹೆರೆಯುತ್ತಿದ್ದಾಳೆ.

ನಿನ್ನ ಅಪ್ಪ


ಧಾರವಾಡ, ನಿಮ್ಮ ಮೇಜು
7 ಸೆಪ್ಟೆಂಬರ್ 2024, ಚವತಿ

ಅಪ್ಪಾ,

ನೀವು ದೇವರ ಮುಂದ ಕುಂತೀರಿ. ಗಂಟಿ ಸಪ್ಪಳ ಕೇಳಾಕತ್ತೈತಿ. ಆರತಿ ಆಗೂದರಾಗ ಬರದು ಮುಗಸತೇನಿ. ನಿಮ್ಮ ಕೆಂಪು ಪೆನ್ನಿನ್ಯಾಗ ಬರ್ಯಾಕತ್ತೇನಿ. ತಿದ್ದಬೇಕಂದ್ರ ಬ್ಯಾರೆ ಬಣ್ಣಾ ಹುಡಕ್ರಿ.

ನಾ ಬಂದೆ. ಅವ್ವ ಬಾಗಲಾ ತಗದ್ಲು. ಕೋಣಿ ನೋಡಿದೆ. ಹಾಸಿಗಿಗೆ ಹೊಸಾ ಚಾದರ ಹಾಕೀರಿ. ನೀವು ಬಂದು ಹೆಗಲ ಮ್ಯಾಲೆ ಕೈ ಇಟ್ರಿ. ಮೂರು ವರ್ಷ ಆಗಿತ್ತು ನೀವು ನನ್ನ ಮುಟ್ಟಿ. ಆಮ್ಯಾಲೆ ಚಿನ್ಮಯೀ ಪ್ರಬಂಧಾ ಕೈಯಾಗ ಹಿಡದು ಅಂದ್ರಿ:

"ಸುಕನ್ಯಾಗ ಖರೇ ಹೇಳಿಬಿಡತೇನಿ. ಇದು ಹುಡಿಗೀದಲ್ಲ, ನನ್ನ ಮಗಂದು ಅಂತ. ಸ್ಪರ್ಧಾಕ್ಕ ಹೋಗದಿದ್ರ ಹೋಗವಲ್ದ್ಯಾಕ. ಹೆಮ್ಮಿಲೆ ಹೇಳತೇನಿ."

ಚಿನ್ಮಯೀ ಕಡುಬಿನ ತಾಟು ಹಿಡಕೊಂಡು ಅಲ್ಲೇ ನಿಂತಿದ್ಲು. "ಅಪ್ಪಾ, ನಂದರೀ ಅದು" ಅಂದ್ಲು. ನೀವು ನಕ್ಕು, "ಅಣ್ಣನ ಮ್ಯಾಲೆ ಭಾಳ ಜೀವ ನಮ್ಮ ಚಿನ್ನೂಗ, ಮುಚ್ಚಲಿಕ್ಕೆ ನೋಡತಾಳ" ಅಂದ್ರಿ. ಆಕೀ ತಾಟು ಇಟ್ಟು ಹೊರಗ ಹೋಗಿ ಕಟ್ಟೀ ಮ್ಯಾಲೆ ನಿಂತ್ಲು. ಇನ್ನೂ ಅಲ್ಲೇ ಅದಾಳ. ಸುಮ್ಮನಿದ್ದಾಳ. ನೀವು ಸಹನೆ ಅಂತ ಬರಕೊಂಡಿರಬೇಕು.

ನಾ "ಅಲ್ರೀ, ಆಕೀದs ಅದು" ಅಂದೆ. ನೀವು ಬೆನ್ನು ತಟ್ಟಿ ಜಳಕಕ್ಕ ಹೋದ್ರಿ.

ನಾನೂ ಸುಮ್ಮನ ಇದ್ದಿದ್ರ ಆಗತಿತ್ತು. ಕೋಣಿ ಇತ್ತು, ಚಾದರ ಇತ್ತು, ನಿಮ್ಮ ಕೈ ಇತ್ತು. ಕೈ ಬೆಚ್ಚಗಿತ್ತು ಅಪ್ಪಾ. ಸುಳ್ಳು ಹೇಳಂಗಿಲ್ಲ. ಆದ್ರ ಅದು ನನಗ ಬಂದಿದ್ದಲ್ಲ. ಆಕೀಗೆ ಹೋಗೂದು ದಾರಿ ತಪ್ಪಿ ನನ್ನ ಹೆಗಲ ಮ್ಯಾಲೆ ಬಂದು ಕುಂತಿತ್ತು.

ಆ ಗೂಡಿನ ಪದ್ಯಾ ನಾ ಓದs ಇಲ್ಲ. ಆಕೀ ಬರದು ತಿಳಿಸಿದ ಮ್ಯಾಲೆ ಗೊತ್ತಾತು. ಈಗ ಎದುರಿಗೆ ನಿಂದ್ರಿಸಿ ಕೇಳಿದ್ರ ಎರಡನೇ ಸಾಲು ಬಾಯಾಗ ಬರೂದಿಲ್ಲ. ನನಗ ಬಂದಿದ್ದು ಬರೇ ಸಿಟ್ಟು. ಎಣ್ಣಿ ಪದ್ಯಾ ಮುಚ್ಚಿಡು ಅಂದಾಂವ ನಾನು. ಮುಚ್ಚಲಿಲ್ಲ ಆಕೀ. ನಿಮ್ಮದೂ ಕೇಳಲಿಲ್ಲ, ನಂದೂ ಕೇಳಲಿಲ್ಲ, ಗ್ರಂಥಾಲಯಕ್ಕ ಹೋಗಿ ಪುಸ್ತಕಾ ಕೇಳಿದ್ಲು.

ನೀವು ಇಷ್ಟು ಓದಿದವರು. ನನ್ನ ಒಂದು ಮಾತು ಕೇಳಬಹುದಿತ್ತು, "ನೀ ಬರದೀ ಅಂದ್ರ ಸಾಲು ತೋರಿಸು" ಅಂತ. ಕೇಳಲಿಲ್ಲ. ಆಕೀನ್ನೂ ಕೇಳಲಿಲ್ಲ. ಕೇಳಿದ್ರ ಆಕೀ ಪುಟದ ನಂಬರ್ ಸಮೇತ ತೋರಸತಿದ್ಲು. ಸಾಲಿ ಬಿಟ್ಟ ಮಗಾ ಬರದಾನ ಅಂದ್ರ ನಂಬತೀರಿ, ಎದುರಿಗೆ ಕುಂತು ಓದೋ ಮಗಳು ಬರದಾಳ ಅಂದ್ರ ನಂಬೂದಿಲ್ಲ. ವಿಧೇಯ ಹುಡುಗಿ ಅಂದ್ರಿ. ಎಲ್ಲೈತಿ ಅದು? ಆ ಎಂಟು ಪುಟದಾಗ ಎಲ್ಲೈತಿ?

ಆರತಿ ಹಾಡು ಸುರುವಾತು. ಇನ್ನ ಫೋನಿಗೆ ಕೈ ಹಚ್ಚತೀರಿ, ಈ ಚೀಟಿ ಅದರ ಕೆಳಗs ಇಟ್ಟಿರತೇನಿ. ಒಂದು ಮಾತು: "ಚಿನ್ಮಯೀದು." ಬ್ಯಾರೆ ಏನರ ಅಂದ್ರ, ನಾನ ಸುಕನ್ಯಾ ಮೇಡಂ ಮುಂದ ಹೋಗಿ ನಿಂದರತೇನಿ. ಕೇಳ್ರಿ ಮೇಡಂ, ಸಾಂಗತ್ಯ ಅಂದ್ರ ಏನು ಕೇಳ್ರಿ, ದೀಪಾ ಯಾಕ ಆರಿಸಿದ್ಲು ಕೇಳ್ರಿ ಅಂತೀನಿ. ಇಡೀ ಕಾಲೇಜಿನ ಮುಂದ ದಡ್ಡ ಆಗತೇನಿ. ಯಜ್ಞೇಶ್ವರ ಸರ್ ಮಗಾ ದಡ್ಡ ಅಂತ ಊರಾಗ ಆಗಲಿ. ನನಗ ರೂಢಿ ಐತಿ.

ಬ್ಯಾಗ್ ಬಿಚ್ಚಿಲ್ಲ. ಅವ್ವಗ ಹೇಳೇನಿ, ಕಡುಬು ಕಟ್ಟಿ ಕೊಟ್ಟಾಳ.

ಈಗ ಹೊಂಟೆ. ಬಾಗಲಾ ಧಡ್ ಅಂತ ಹಾಕತೇನಿ. ನೀವs ಎದ್ದು ಬಂದು ತಗೀರಿ, ಚಿನ್ಮಯೀ ಹೊರಗ ನಿಂತಾಳ, ಒಳಗ ಕರಕೋಳ್ರಿ. ಗಾಳಿಗೆ ಬಡೀತು ಅಂತ ತಿಳಕೋಬ್ಯಾಡ್ರಿ. ಆ ಸಪ್ಪಳ ಮಾತ್ರ ನಂದು.

ಸಂಕೇತ